ಗ್ರಹಣ ಹಿಡಿದೇ ಮೂಡಿದ ಚಂದ್ರ

ಪಂಚಾಂಗದ ಗ್ರಹಣದ ಪುಟಕ್ಕೆ ತನ್ನದೇ ಆದ ಶಬ್ದಗಳಿವೆ. ಭೂಮಿಯ ನೆರಳು ಚಂದ್ರನ ಅಂಚನ್ನು ಮುಟ್ಟಿದರೆ ಸ್ಪರ್ಶ, ಚಂದ್ರ ಪೂರ್ತಿ ಮುಳುಗಿದರೆ ಸಮ್ಮೀಲನ, ನಟ್ಟನಡುವಿನ ಹೊತ್ತು ಮಧ್ಯ, ಬೆಳಕಿನ ಗೆರೆ ಮತ್ತೆ ಹೊರಬಂದರೆ ಉನ್ಮೀಲನ, ನೆರಳು ಪೂರ್ತಿ ಬಿಟ್ಟುಹೋದರೆ ಮೋಕ್ಷ. ಸಮ್ಮೀಲನ, ಉನ್ಮೀಲನ ಎರಡೂ ಕಣ್ಣಿಗೆ ಸೇರಿದ ಮಾತುಗಳು: ರೆಪ್ಪೆ ಮುಚ್ಚುವುದು, ರೆಪ್ಪೆ ತೆರೆಯುವುದು. ಈ ಐದರ ಪಕ್ಕದಲ್ಲಿ ಎಲ್ಲೋ ಕೆಲವು ವರ್ಷಗಳಿಗೊಮ್ಮೆ ಇನ್ನೊಂದು ಶಬ್ದ ಅಚ್ಚಾಗಿರುತ್ತದೆ, ಗ್ರಸ್ತೋದಯ. ನುಂಗಿಸಿಕೊಂಡೇ ಹುಟ್ಟುವುದು ಎಂದು ಅದರ ಅರ್ಥ. ಚಂದ್ರ ದಿಗಂತದ ಮೇಲೆ ಬರುವ ಮೊದಲೇ ಗ್ರಹಣ ಹಿಡಿದಾಗಿರುತ್ತದೆ. ಹಿಡಿಯುವುದನ್ನು ನಾವು ನೋಡುವುದಿಲ್ಲ, ಹಿಡಿಸಿಕೊಂಡವನು ಮೂಡುವುದನ್ನು ನೋಡುತ್ತೇವೆ.

ದೆಹಲಿಯ ಆಸುಪಾಸಿನಲ್ಲಿ ಇರುವವರಿಗೆ 2018ರ ಜನವರಿ 31ರ ಸಂಜೆ ಸಿಕ್ಕಿದ್ದು ಇಂಥ ಗ್ರಹಣ. ಆ ದಿನದ ಪತ್ರಿಕೆಗಳು ಅದನ್ನು ಸೂಪರ್ ಬ್ಲೂ ಬ್ಲಡ್ ಮೂನ್ ಎಂದು ಕರೆದವು. ಚಂದ್ರ ಭೂಮಿಗೆ ಹತ್ತಿರ ಬಂದಿದ್ದರಿಂದ ಸೂಪರ್; ನೆರಳಿನಲ್ಲಿ ಕೆಂಪಾಗುವುದರಿಂದ ಬ್ಲಡ್; ಒಂದೇ ಜನವರಿಯಲ್ಲಿ 2ನೆಯ ತಾರೀಖು ಒಂದು, 31ಕ್ಕೆ ಇನ್ನೊಂದು ಹುಣ್ಣಿಮೆ ಬಂದಿದ್ದರಿಂದ ಬ್ಲೂ. ನೀಲಿ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಚಾಂದ್ರಮಾಸದ ಲೆಕ್ಕದಲ್ಲಿ ತಿಂಗಳಿಗೆ ಇರುವುದೇ ಒಂದು ಹುಣ್ಣಿಮೆ, ಹಾಗಾಗಿ ಆ ಲೆಕ್ಕದಲ್ಲಿ ಬ್ಲೂ ಮೂನ್ ಹುಟ್ಟುವುದು ಸಾಧ್ಯವೇ ಇಲ್ಲ. ಉತ್ತರ ಕರ್ನಾಟಕದವರಿಗೆ ಅದು ಭಾರತ ಹುಣ್ಣಿಮೆ, ಸವದತ್ತಿಯ ಎಲ್ಲಮ್ಮನ ಗುಡ್ಡ ತುಂಬುವ ದಿನ.

ಗ್ರಹಣದ ಗಡಿಯಾರ ಇಡೀ ಜಗತ್ತಿಗೆ ಒಂದೇ. ಆ ದಿನ ಭಾರತೀಯ ಸಮಯ ಸಂಜೆ 5:18ಕ್ಕೆ ಸ್ಪರ್ಶ, 6:21ಕ್ಕೆ ಪೂರ್ಣ ಗ್ರಹಣ ಶುರು, 7:37ಕ್ಕೆ ಅದರ ಕೊನೆ, 8:41ಕ್ಕೆ ಮೋಕ್ಷ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಅಲ್ಲಿ, ಆಕಾಶದಲ್ಲಿ. ಟೋಕಿಯೋದಲ್ಲಿ ನಿಂತು ನೋಡಿದರೂ ಗುವಾಹಟಿಯಲ್ಲಿ ನಿಂತು ನೋಡಿದರೂ ಅದೇ ಕ್ಷಣ. ಚಂದ್ರೋದಯ ಹಾಗಲ್ಲ. ಅದು ಊರೂರಿಗೆ ಬೇರೆ. ಗುವಾಹಟಿಯಲ್ಲಿ ಸ್ಪರ್ಶಕ್ಕೆ ಮೊದಲೇ ಚಂದ್ರ ಮೂಡಿ ಆಗಿತ್ತು. ದೆಹಲಿಯಲ್ಲಿ ಮೂಡಿದ್ದು 6 ಗಂಟೆಗೆ ಕೆಲವು ನಿಮಿಷ ಮೊದಲು, ಅರ್ಧಕ್ಕಿಂತ ಹೆಚ್ಚು ನೆರಳಿಗೆ ಹೋದ ಮೇಲೆ. ಧಾರವಾಡದಲ್ಲಿ ಮೂಡುವ ಹೊತ್ತಿಗೂ ಚಂದ್ರ ಪೂರ್ತಿ ಮುಳುಗುವ ಹೊತ್ತಿಗೂ ಹೆಚ್ಚುಕಡಿಮೆ ಅಂತರವೇ ಇರಲಿಲ್ಲ.

ನಕ್ಷೆ ನೋಡಿದರೆ ದೆಹಲಿ ಧಾರವಾಡಕ್ಕಿಂತ ಪೂರ್ವಕ್ಕೆ ಇರುವುದು ಎರಡೇ ಡಿಗ್ರಿ. ಅದರಿಂದ ಆಗುವ ವ್ಯತ್ಯಾಸ ಒಂಬತ್ತು ನಿಮಿಷ ಮಾತ್ರ. ಉಳಿದ ಇಪ್ಪತ್ತು ನಿಮಿಷ ಚಳಿಗಾಲದ್ದು. ಜನವರಿಯಲ್ಲಿ ಉತ್ತರಕ್ಕೆ ಹೋದಷ್ಟೂ ಹಗಲು ಮೊಟಕು, ಸೂರ್ಯ ಬೇಗ ಮುಳುಗುತ್ತಾನೆ. ಹುಣ್ಣಿಮೆಯ ಚಂದ್ರ ಸೂರ್ಯನ ಎದುರು ಬದಿಯವನು. ಇವನು ಮುಳುಗುವಾಗ ಅವನು ಹುಟ್ಟಬೇಕು. ಹೀಗಾಗಿ ಧಾರವಾಡಕ್ಕಿಂತ ಸುಮಾರು ಅರ್ಧ ಗಂಟೆ ಮೊದಲು ದೆಹಲಿಗೆ ಚಂದ್ರ ಬಂದ. ಊರಿನಿಂದ ತರಿಸಿದ ಪಂಚಾಂಗವನ್ನು ಗೋಡೆಗೆ ನೇತುಹಾಕಿಕೊಂಡ ಮನೆಗಳಲ್ಲಿ ಅವತ್ತು ಲೆಕ್ಕ ತಪ್ಪಿದ್ದು ಈ ಅರ್ಧ ಗಂಟೆಯಲ್ಲಿ.

ಗಾಜಿಯಾಬಾದಿನ ಇಂದಿರಾಪುರಂನಲ್ಲಿ ಅಂಥದೊಂದು ಮನೆ ಇತ್ತು. ಮಗನಿಗೆ ನೋಯ್ಡಾದಲ್ಲಿ ಕೆಲಸ. ಗಂಡ ತೀರಿಕೊಂಡ ಮೇಲೆ ಧಾರವಾಡದ ಮನೆಗೆ ಬೀಗ ಹಾಕಿ ಬಂದಿದ್ದ ಅವನ ತಾಯಿ, ಸೊಸೆ, ಒಂಬತ್ತು ವರ್ಷದ ಮೊಮ್ಮಗ. ಒಂಬತ್ತನೆಯ ಮಹಡಿ. ಅಡುಗೆಮನೆಯ ಗೋಡೆಗೆ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು, ದೇವರ ಗೂಡಿನ ಪಕ್ಕ ಊರಿನ ಪಂಚಾಂಗ. ಅಜ್ಜಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ.

ಮೊದಲ ತಕರಾರು ಬೆಳಗ್ಗೆಯೇ ಎದ್ದಿತು. ಟೀವಿಯಲ್ಲಿ ಹಿಂದಿಯವನು ಸೂತಕ್ ಶುರುವಾಯಿತು ಎಂದು ಕೂಗುತ್ತಿದ್ದ. ಕನ್ನಡದ ಕಿವಿಗೆ ಅದು ಬೆಚ್ಚಿಬೀಳಿಸುವ ಮಾತು. ನಮ್ಮಲ್ಲಿ ಸೂತಕ ಎಂದರೆ ಮನೆಯಲ್ಲಿ ಯಾರೋ ಹೋಗಿದ್ದಾರೆ. ಗ್ರಹಣದ ಮುಂಚಿನ ನಿಷೇಧದ ಹೊತ್ತಿಗೆ ಕನ್ನಡ ಪಂಚಾಂಗಗಳಲ್ಲಿ ಇರುವ ಶಬ್ದ ವೇಧ. ಈಗೀಗ ಕನ್ನಡ ಚಾನೆಲ್ಲುಗಳೂ ಸೂತಕ ಕಾಲ ಎನ್ನುತ್ತವೆ, ಬೆಂಗಳೂರಿನ ಮಕ್ಕಳಿಗೆ ಅದೇ ರೂಢಿಯಾಗುತ್ತಿದೆ. ಅಜ್ಜಿ ಆ ಶಬ್ದ ಕೇಳಿ ಟೀವಿ ಆರಿಸಿದರು. ಮೊಮ್ಮಗ ತನ್ನ ಭಾಷೆಯಲ್ಲಿ ಕೇಳಿದ: "ಅಜ್ಜಿ, ಗ್ರಹಣ ಎಷ್ಟಕ್ಕ ಹತ್ತತದ?" ಹಿಂದಿಯ ಗ್ರಹಣ್ ಲಗ್ತಾ ಹೈ ಅವನ ಬಾಯಲ್ಲಿ ಹಾಗೆ ಆಗಿತ್ತು. "ನಿದ್ದಿ ಹತ್ತತದ, ಬೆಂಕಿ ಹತ್ತತದ. ಗ್ರಾಣ ಹಿಡೀತದೋ," ಎಂದರು ಅಜ್ಜಿ. ಹಿಂದಿಯಲ್ಲಿ ಗ್ರಹಣ ಹಸಿವಿನಂತೆ, ಚಳಿಯಂತೆ ತಾನಾಗಿ ಅಂಟಿಕೊಳ್ಳುವುದು. ಕನ್ನಡದಲ್ಲಿ ಅದಕ್ಕೊಂದು ಕೈ ಇದೆ. ಹಿಡಿಯುತ್ತದೆ, ಆಮೇಲೆ ಬಿಡುತ್ತದೆ.

ಆ ಕೈ ರಾಹುವಿನದು ಎಂದು ಕಥೆ. ಆದರೆ ಪಂಚಾಂಗದ ಗಣಿತದಲ್ಲಿ ರಾಹುವಿನ ಬಾಯಿಗೆ ಜಾಗವಿಲ್ಲ. ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ಕ್ರಿ.ಶ. 499ರ ಆರ್ಯಭಟೀಯದಲ್ಲೇ ಇದೆ. ನಿಮಿಷ ಸಹಿತ ಲೆಕ್ಕ ಹಾಕುವುದು ನೆರಳಿನಿಂದ, ಆಚರಣೆ ಮಾಡುವುದು ರಾಹುವಿನ ಹೆಸರಿನಲ್ಲಿ. ಒಂದೇ ಪುಟದಲ್ಲಿ ಎರಡೂ ಜಗಳವಿಲ್ಲದೆ ಕೂತಿವೆ.

ಎರಡನೆಯ ತಕರಾರು ಊಟದ್ದು. ಗ್ರಸ್ತೋದಯವಾದರೆ ಹಗಲಿಡೀ ಊಟವಿಲ್ಲ ಎನ್ನುವುದು ಶಾಸ್ತ್ರ. ಮೋಕ್ಷವಾಗಿ, ಸ್ನಾನ ಮಾಡಿ, ಶುದ್ಧ ಬಿಂಬ ನೋಡಿ ಉಣ್ಣಬೇಕು. ಎಂದರೆ ಬೆಳಗ್ಗೆಯಿಂದ ರಾತ್ರಿ ಒಂಬತ್ತರ ತನಕ ಖಾಲಿ ಹೊಟ್ಟೆ. ಮಕ್ಕಳು, ಮುದುಕರು, ರೋಗಿಗಳಿಗೆ ವಿನಾಯಿತಿ ಇದೆ ಎಂದು ಅದೇ ಶಾಸ್ತ್ರ ಹೇಳುತ್ತದೆ. ಅಜ್ಜಿ ಎಂದಿನಂತೆ ಬೆಳಗಿನ ಮಾತ್ರೆ ನುಂಗಿದ್ದರು, ತಿಂಡಿ ಮಾತ್ರ ಬೇಡ ಎಂದರು. "ಅತ್ತಿಯವರ, ಗುಳಿಗಿ ತಗೊಂಡು ಖಾಲಿ ಹೊಟ್ಟೀಲೆ ಕೂಡಬ್ಯಾಡ್ರಿ," ಎಂದು ಸೊಸೆ ಎರಡು ಸಲ ಹೇಳಿದಳು. "ಒಂದು ದಿನಕ್ಕ ಏನಾಗ್ತದ ಬಿಡು" ಎನ್ನುವುದು ಉತ್ತರ.

ಮಧ್ಯಾಹ್ನ ಹನ್ನೆರಡೂವರೆ ದಾಟಿತ್ತು. ಅಜ್ಜಿ ಗೋಡೆ ಹಿಡಿದು ನಿಂತು, ತಲೆ ತಿರುಗುತ್ತಿದೆ ಎಂದರು. ಸೊಸೆ ಓಡಿ ಬಂದವಳು ಕಂಡದ್ದು ನಡುಮನೆಯ ತೂಗುದೀಪ ಅತ್ತಿಂದಿತ್ತ ಆಡುವುದನ್ನು. ಕೆಳಗೆ ಕಾವಲಿನವನ ಸೀಟಿ, ಮೆಟ್ಟಿಲ ಮೇಲೆ ಜನರ ಓಟ. ಅಫ್ಘಾನಿಸ್ತಾನದ ಹಿಂದೂಕುಶ್ ಪರ್ವತದಡಿ ಭೂಕಂಪವಾಗಿತ್ತು, ತೀವ್ರತೆ 6ಕ್ಕಿಂತ ಹೆಚ್ಚು. ಅದರ ನಡುಕ ದೆಹಲಿಯ ತನಕ ಬಂದಿತ್ತು. ದೀಪ ನಿಂತಿತು. ಅಜ್ಜಿಯ ಕೈ ನಡುಗುವುದು ನಿಲ್ಲಲಿಲ್ಲ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 64ಕ್ಕೆ ಇಳಿದಿತ್ತು. ಭೂಮಿ ನಡುಗಿದ್ದೂ ನಿಜ, ಕೈ ನಡುಗಿದ್ದೂ ನಿಜ, ಒಂದಕ್ಕೊಂದು ಸಂಬಂಧವಿರಲಿಲ್ಲ.

ಬೆಲ್ಲದ ನೀರು ಕುಡಿಸಿದ ಮೇಲೆ ಸೊಸೆ ಪಂಚಾಂಗ ತೆಗೆದು, ಮುದುಕರಿಗೆ, ರೋಗಿಗಳಿಗೆ ದೋಷವಿಲ್ಲ ಎನ್ನುವ ಸಾಲನ್ನು ಗಟ್ಟಿಯಾಗಿ ಓದಿದಳು. ಅಜ್ಜಿಗೆ ಅದು ಗೊತ್ತಿಲ್ಲದ ಸಾಲಲ್ಲ. ಧಾರವಾಡದ ಮನೆಯಲ್ಲಿ ಎಷ್ಟೋ ಗ್ರಹಣಗಳಂದು ತಮ್ಮ ಅತ್ತೆಗೆ ಅದನ್ನೇ ಓದಿ ಹೇಳಿ ಅವಲಕ್ಕಿ ಕೊಟ್ಟವರು ಅವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನಾ ಮುದುಕಿ ಆದೆ ಅನ್ನು," ಎಂದರು. ಆಮೇಲೆ ಮೊಸರನ್ನ ಉಂಡರು. ಗ್ರಹಣದ ನಿಯಮಗಳ ಬಗ್ಗೆ ಮನೆಮನೆಯಲ್ಲಿ ನಡೆಯುವ ವಾದವನ್ನು ನಂಬಿಕೆ ಮತ್ತು ವಿಜ್ಞಾನದ ಜಗಳ ಎಂದು ನೋಡುವುದು ರೂಢಿ. ಬಹಳ ಮನೆಗಳಲ್ಲಿ ಅದು ಅಷ್ಟು ದೊಡ್ಡ ಜಗಳವಲ್ಲ. ವಿನಾಯಿತಿಯ ಸಾಲು ಯಾರಿಗೆ ಅನ್ವಯಿಸುತ್ತದೆ, ಅದನ್ನು ಒಪ್ಪಿಕೊಳ್ಳುವವರು ಯಾರು ಎನ್ನುವುದೇ ಅಲ್ಲಿಯ ಪ್ರಶ್ನೆ.

ಸಂಜೆ 5:18 ಆಯಿತು. ಗ್ರಹಣ ಶುರುವಾಯಿತು ಎಂದು ಮಗ ಫೋನ್ ನೋಡಿ ಹೇಳಿದ. ಅಜ್ಜಿ ಒಪ್ಪಲಿಲ್ಲ. "ಚಂದ್ರನ ಇನ್ನೂ ಹುಟ್ಟಿಲ್ಲ, ಗ್ರಾಣ ಯಾರಿಗೆ ಹಿಡೀತದ?"

ಇದು ಮೊಂಡು ಮಾತಲ್ಲ. ಕಣ್ಣಿಗೆ ಕಾಣುವ ಗ್ರಹಣಕ್ಕೆ ಮಾತ್ರ ಆಚರಣೆ ಎನ್ನುವುದು ಧರ್ಮಶಾಸ್ತ್ರದವರ ಹಳೆಯ ನಿಲುವು. ಗ್ರಸ್ತೋದಯದಲ್ಲಿ ಪುಣ್ಯಕಾಲ ಎಣಿಸುವುದು ಚಂದ್ರೋದಯದಿಂದಲೇ. ಹಾಗೆಂದು ಎಲ್ಲ ಕಾಲದಲ್ಲೂ ಎಲ್ಲರೂ ಹಾಗೆ ನಡೆದುಕೊಂಡಿಲ್ಲ. ಕರ್ನಾಟಕದ ಶಾಸನಗಳಲ್ಲಿ ಸೋಮಗ್ರಹಣ, ಸೂರ್ಯಗ್ರಹಣದ ದಿನ ಭೂಮಿ ದಾನ ಕೊಟ್ಟ ದಾಖಲೆಗಳು ಬೇಕಾದಷ್ಟಿವೆ. ಶಾಸನಗಳ ಕಾಲ ಗೊತ್ತುಮಾಡಲು ಈ ಗ್ರಹಣಗಳೇ ದೊಡ್ಡ ಆಧಾರ. ರಾಬರ್ಟ್ ಸೆವೆಲ್ 1898ರಲ್ಲಿ ಭಾರತದ ಚಂದ್ರಗ್ರಹಣಗಳ ಮೇಲೆ ಒಂದು ಪುಸ್ತಕವನ್ನೇ ಪ್ರಕಟಿಸಿದ. ನಮ್ಮ ಕಾಲದಲ್ಲಿ ಬಿ.ಎಸ್. ಶೈಲಜಾ ಮತ್ತು ಅವರ ಜೊತೆಗಾರರು ಕಲ್ಲಿನ ಮೇಲಿನ ಆಕಾಶದ ದಾಖಲೆಗಳನ್ನು ಹುಡುಕಿ ಜೋಡಿಸಿದ್ದಾರೆ. ಹೀಗೆ ಪರಿಶೀಲಿಸಿದಾಗ ದಾನ ಕೊಟ್ಟ ಊರಿನಿಂದ ಕಾಣಲು ಸಾಧ್ಯವೇ ಇಲ್ಲದ ಗ್ರಹಣಗಳೂ ಸಿಗುತ್ತವೆ. ಜೋಯಿಸರು ಲೆಕ್ಕ ಹಾಕಿ ಹೇಳಿದ್ದರು, ಅರಸರು ಕೊಟ್ಟಿದ್ದರು, ಆಕಾಶವನ್ನು ಯಾರೂ ನೋಡಿರಲಿಲ್ಲ.

ಇಂದಿನ ಸರಕಾರಿ ಲೆಕ್ಕಕ್ಕೂ ಒಂದು ಊರು ಬೇಕಲ್ಲ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನ ಮೇಲೆ 1957ರಿಂದ ಹೊರಡುತ್ತಿರುವ ರಾಷ್ಟ್ರೀಯ ಪಂಚಾಂಗ 82 ಡಿಗ್ರಿ 30 ಮಿನಿಟು ಪೂರ್ವ ರೇಖಾಂಶ, 23 ಡಿಗ್ರಿ 11 ಮಿನಿಟು ಉತ್ತರ ಅಕ್ಷಾಂಶದ ಒಂದು ಬಿಂದುವನ್ನು ದೇಶದ ಕೇಂದ್ರಸ್ಥಾನವಾಗಿ ಇಟ್ಟುಕೊಂಡಿದೆ. ರೇಖಾಂಶ ನಮ್ಮ ಗಡಿಯಾರದ್ದು, ಅಕ್ಷಾಂಶ ಉಜ್ಜಯಿನಿಯದು. ಎಲ್ಲರಿಗೂ ಸಮಾನ ದೂರದ, ಯಾರ ಮನೆಯೂ ಅಲ್ಲದ ಜಾಗ. ಉಳಿದ ಊರಿನವರು ಅಲ್ಲಿಂದ ಕೂಡಿಸಿ ಕಳೆದು ತಮ್ಮ ಹೊತ್ತು ತಿಳಿಯಬೇಕು. ಇಂದಿರಾಪುರಂನ ಆ ಮನೆಯಲ್ಲಿ ಅವತ್ತು ಯಾರೂ ಲೆಕ್ಕ ಹಾಕಲಿಲ್ಲ. ಆರಕ್ಕೆ ಹತ್ತು ನಿಮಿಷವಿದ್ದಾಗ ಶಾಲು, ಮಂಕಿಟೋಪಿ ಹಾಕಿಕೊಂಡು ಎಲ್ಲರೂ ತಾರಸಿ ಹತ್ತಿದರು.

ತಾರಸಿಯ ಪೂರ್ವಕ್ಕೆ ಹಿಂಡನ್ ನದಿ, ಅದರಾಚೆ ಗಾಜಿಯಾಬಾದ್ ಶಹರ. ಜನವರಿಯ ಕೊನೆಯ ಹುಣ್ಣಿಮೆ ಚಂದ್ರ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ, ಇಪ್ಪತ್ತು ಡಿಗ್ರಿಯಷ್ಟು ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಅಲ್ಲಿ ಕಂಡದ್ದು ಬೂದಿ ಬಣ್ಣದ ಮಬ್ಬು ಮಾತ್ರ. ಹಿಂದೆ ಪಶ್ಚಿಮದಲ್ಲಿ ಸೂರ್ಯ ಇನ್ನೂ ಮುಳುಗಿರಲಿಲ್ಲ. ಸೂರ್ಯ, ಭೂಮಿ, ಚಂದ್ರ ಒಂದೇ ಗೆರೆಯಲ್ಲಿರುವಾಗ ಸೂರ್ಯ ಚಂದ್ರ ಇಬ್ಬರೂ ಒಟ್ಟಿಗೆ ದಿಗಂತದ ಮೇಲಿರುವುದು ಹೇಗೆ ಎಂದು ಪ್ರಾಚೀನ ರೋಮಿನ ಪ್ಲಿನಿಗೂ ಸೋಜಿಗವಾಗಿತ್ತು. ಗಾಳಿ ಬೆಳಕನ್ನು ಬಾಗಿಸಿ ದಿಗಂತದ ಬಳಿಯ ಎಲ್ಲವನ್ನೂ ಅರ್ಧ ಡಿಗ್ರಿಯಷ್ಟು ಎತ್ತಿ ತೋರಿಸುತ್ತದೆ. ಕೆಲವು ನಿಮಿಷ ಇಬ್ಬರೂ ಕಾಣುವುದು ಅದರಿಂದ.

ಸೂರ್ಯ ಮುಳುಗಿದ ಮೇಲೆ ಪೂರ್ವದ ದಿಗಂತದಿಂದ ಒಂದು ನೀಲಿಗಪ್ಪು ಪಟ್ಟಿ ಏಳುತ್ತದೆ, ಅದರ ಮೇಲೊಂದು ತಿಳಿ ಗುಲಾಬಿ ಅಂಚು. ದಿನವೂ ಏಳುವಂಥದು, ನೋಡುವವರು ಕಡಿಮೆ. ಗಾಳಿಯ ಮೇಲೆ ಬಿದ್ದ ಭೂಮಿಯ ನೆರಳು ಅದು. ಅದೇ ನೆರಳು ಹದಿನಾಲ್ಕು ಲಕ್ಷ ಕಿಲೋಮೀಟರ್ ತನಕ ಆಕಾಶದಲ್ಲಿ ಚಾಚಿರುತ್ತದೆ, ಮೂರೂವರೆ ಲಕ್ಷ ಚಿಲ್ಲರೆ ಕಿಲೋಮೀಟರಿನಲ್ಲಿ ಚಂದ್ರ ಅದರೊಳಗೆ ಹೊಕ್ಕಿದ್ದ. ಗ್ರಸ್ತೋದಯದ ಸಂಜೆ ನೆರಳಿನ ಎರಡು ತುದಿಗಳನ್ನೂ ಒಂದೇ ದಿಕ್ಕಿನಲ್ಲಿ ನೋಡಬಹುದು: ಹತ್ತಿರದ್ದು ಹಿಂಡನ್ನಿನ ಮೇಲೆ, ದೂರದ್ದು ಚಂದ್ರನ ಮೇಲೆ.

ಆರೂಕಾಲರ ಹೊತ್ತಿಗೆ ಮೊಮ್ಮಗನಿಗೆ ಮೊದಲು ಕಂಡಿತು. ನೀರಿನ ಟ್ಯಾಂಕೊಂದರ ಮೇಲೆ, ಉಗುರಿನಂಥ ಮಾಸಲು ಚೂರು. ಬಿದಿಗೆಯ ಚಂದ್ರನ ಹಾಗಿತ್ತು, ಆದರೆ ಬಿದಿಗೆಯ ಚಂದ್ರ ಪಶ್ಚಿಮದಲ್ಲಿರಬೇಕು. ನೋಡುತ್ತ ನೋಡುತ್ತ ಆ ಚೂರೂ ಸಣ್ಣದಾಗಿ, ಮಬ್ಬಿನಲ್ಲಿ ಕರಗಿಹೋಯಿತು. ಚಂದ್ರ ಮೇಲೇರುತ್ತಿದ್ದ, ಕಾಣೆಯಾಗುತ್ತಿದ್ದ. ಪೂರ್ಣ ಗ್ರಹಣದಲ್ಲಿ ಚಂದ್ರನ ಬೆಳಕು ಹತ್ತು ಸಾವಿರ ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕುಗ್ಗುತ್ತದೆ. ದಿಗಂತದಲ್ಲಿ ನೋಡುವಾಗ ಬೆಳಕು ದಾಟಿ ಬರಬೇಕಾದ ಗಾಳಿ ನೆತ್ತಿಯ ಮೇಲಿರುವುದಕ್ಕಿಂತ ಮೂವತ್ತೈದು ಪಟ್ಟಿಗೂ ಹೆಚ್ಚು. ಮೇಲೆ ಸಂಜೆಯ ಬೆಳಕು, ಕೆಳಗೆ ದೆಹಲಿಯ ಚಳಿಗಾಲದ ಹೊಗೆ ಧೂಳು. ಇಪ್ಪತ್ತು ನಿಮಿಷ ತಾರಸಿಯ ಮೇಲೆ ನಿಂತವರಿಗೆ ಆಕಾಶದಲ್ಲಿ ಏನೂ ಇರಲಿಲ್ಲ. ಪಕ್ಕದ ಮನೆಯವರು ಫೋನಿನಲ್ಲಿ ಬೇರೆ ದೇಶದ ನೇರ ಪ್ರಸಾರ ನೋಡುತ್ತ ಕೆಳಗಿಳಿದರು.

ಏಳು ಗಂಟೆಯ ಸುಮಾರಿಗೆ, ಹುಡುಕುತ್ತಿದ್ದ ಜಾಗಕ್ಕಿಂತ ಬಹಳ ಮೇಲೆ, ಚಂದ್ರ ಮತ್ತೆ ಸಿಕ್ಕ. ದುಂಡಗೆ, ತಾಮ್ರದ ತಟ್ಟೆ ಒಲೆಯ ಹೊಗೆ ಹಿಡಿದಾಗ ಇರುವ ಬಣ್ಣ. ಆ ಕೆಂಪು ಎರಡು ಕಡೆಯಿಂದ ಬಂದಿರುತ್ತದೆ. ಒಂದು ಇಲ್ಲಿಯದು: ದಿಗಂತದ ಬಳಿ ಯಾವ ಹುಣ್ಣಿಮೆಯ ಚಂದ್ರನೂ ಧೂಳಿನೊಳಗಿಂದ ಕೆಂಪಗೇ ಕಾಣುತ್ತಾನೆ. ಇನ್ನೊಂದು ಇಡೀ ಭೂಮಿಯದು: ಭೂಮಿಯ ಅಂಚಿನ ಸುತ್ತ ಆ ಗಳಿಗೆಯಲ್ಲಿ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ ಅಲ್ಲೆಲ್ಲ ಗಾಳಿಯಲ್ಲಿ ಸೋಸಿ ಬಾಗಿದ ಬೆಳಕು ನೆರಳಿನೊಳಗೆ ಹೊಕ್ಕು ಚಂದ್ರನ ಮೇಲೆ ಬೀಳುತ್ತದೆ. ಮೂಡುವಾಗ ಇವೆರಡನ್ನೂ ಬಿಡಿಸಿ ಹೇಳಲು ಬರುವುದಿಲ್ಲ. ಚಂದ್ರ ಮೇಲೇರಿದಂತೆ ಗಾಜಿಯಾಬಾದಿನ ಕೆಂಪು ಕಡಿಮೆಯಾಗುತ್ತದೆ, ಭೂಮಿಯ ಕೆಂಪು ಉಳಿಯುತ್ತದೆ. ನಡುರಾತ್ರಿ ನೆತ್ತಿಯ ಮೇಲೆ ಹಿಡಿಯುವ ಗ್ರಹಣದಲ್ಲಿ ಈ ಎರಡನೆಯದಷ್ಟೇ ಸಿಗುತ್ತದೆ.

ಅಜ್ಜಿ ಕುರ್ಚಿ ತರಿಸಿಕೊಂಡು 8:41ರ ತನಕ ಕೂತರು, ನಡುವೆ ಒಮ್ಮೆ ಎರಡು ಬಿಸ್ಕತ್ತು ತಿಂದು. ಆ ಹೊತ್ತಿಗೆ ಚಂದ್ರ ಮಬ್ಬಿನಿಂದ ಮೇಲೆ ಬಂದು ಬೆಳ್ಳಗಾಗಿದ್ದ. ಸ್ನಾನ, ಶುದ್ಧ ಬಿಂಬದ ದರ್ಶನ, ಊಟ ಎಲ್ಲ ಕ್ರಮವಾಗಿಯೇ ಆಯಿತು. ಮಾರನೆಯ ದಿನ ಧಾರವಾಡದ ತಂಗಿಗೆ ಫೋನು ಮಾಡಿ, "ನಮ್ಮಲ್ಲೆ ನಿಮಗಿಂತ ಅರ್ಧಾ ತಾಸು ಮೊದಲ ಬಂದಾ," ಎಂದರು. ಎರಡು ವರ್ಷ ಅವರ ಮಾತಿನಲ್ಲಿ ನಮ್ಮಲ್ಲಿ ಎಂದರೆ ಧಾರವಾಡ, ಇಂದಿರಾಪುರಂ ಎಂದರೆ ಇಲ್ಲಿ ಎಂದಷ್ಟೇ ಇತ್ತು.

ಆ ದಿನದ ಭೂಕಂಪ ಮತ್ತು ಗ್ರಹಣವನ್ನು ಜೋಡಿಸಿ ಮಾತಾಡಿದವರು ಬಹಳ. ನಾಲ್ಕು ವರ್ಷದ ಮೇಲೆ ಅವರಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು. 2022ರ ಅಕ್ಟೋಬರ್ 25ರಂದು ದೆಹಲಿಯಲ್ಲಿ ಸೂರ್ಯ ಗ್ರಹಣ ಹಿಡಿದೇ ಮುಳುಗಿದ. ಎರಡು ವಾರದ ನಂತರ, ನವೆಂಬರ್ 8ರಂದು, ಚಂದ್ರ ಗ್ರಹಣ ಹಿಡಿದೇ ಮೂಡಿದ. ಅದೇ ರಾತ್ರಿ ಎರಡಕ್ಕೆ ಸ್ವಲ್ಪ ಮೊದಲು ನೇಪಾಳದ ಡೋಟಿಯಲ್ಲಿ ಭೂಕಂಪವಾಗಿ ಕೆಲವರು ಪ್ರಾಣ ಕಳೆದುಕೊಂಡರು, ದೆಹಲಿಯ ಮಂಚಗಳು ಅಲುಗಿದವು. ಎರಡು ಗ್ರಸ್ತೋದಯ, ಎರಡು ನಡುಕ. ಆದರೆ ಹಿಂದೂಕುಶ್ ಮತ್ತು ಹಿಮಾಲಯ ಎರಡಕ್ಕೂ ಕಿವಿಗೊಟ್ಟು ಕೂತ ಊರು ಇದು. ಗ್ರಹಣವಿಲ್ಲದ ದಿನಗಳಲ್ಲಿ ಬಂದ ನಡುಕಗಳು ಇದಕ್ಕಿಂತ ಎಷ್ಟೋ ಹೆಚ್ಚು, 2015ರ ಏಪ್ರಿಲ್ 25ರ ನೇಪಾಳದ ಮಹಾ ಭೂಕಂಪ ಸೇರಿ. ನೆನಪಿನಲ್ಲಿ ಉಳಿಯುವುದು ಜೋಡಿಯಾಗಿ ಬಂದದ್ದು. ದೆಹಲಿಯ ನೆಹರೂ ತಾರಾಲಯದ ನಿರ್ದೇಶಕಿಯಾಗಿದ್ದ ಎನ್. ರತ್ನಶ್ರೀ ಇಂಥ ಮಾತುಗಳಿಗೆ ವಾದದಿಂದ ಉತ್ತರಿಸುವ ಬದಲು ಜನರನ್ನು ಆಕಾಶದ ಕೆಳಗೆ ಕರೆದು ನಿಲ್ಲಿಸುತ್ತಿದ್ದರು. ಜಂತರ್ ಮಂತರಿನ ಯಂತ್ರಗಳಿಂದ ಮತ್ತೆ ಅಳತೆ ಮಾಡುವುದನ್ನು ವಿದ್ಯಾರ್ಥಿಗಳಿಗೆ ಕಲಿಸಿದರು. 2021ರ ಮೇ ತಿಂಗಳಲ್ಲಿ ಕೋವಿಡ್ ಅವರನ್ನು ಕೊಂಡೊಯ್ಯಿತು.

2022ರ ಗ್ರಹಣದ ಹೊತ್ತಿಗೆ ಅಜ್ಜಿ ಧಾರವಾಡಕ್ಕೆ ಮರಳಿದ್ದರು. ಪೂರ್ಣ ಗ್ರಹಣ 5:12ಕ್ಕೇ ಮುಗಿದಿತ್ತು. ಅದನ್ನು ನೋಡಿದ್ದು ಕೊಲ್ಕತ್ತ ಮತ್ತು ಈಶಾನ್ಯದವರು. ದೆಹಲಿಗೆ ಐದೂವರೆಗೆ ಬಂದದ್ದು ಬಿಡಿಸಿಕೊಳ್ಳುತ್ತಿರುವ ಚಂದ್ರ, ಧಾರವಾಡಕ್ಕೆ ಆರರ ಸುಮಾರಿಗೆ ಇನ್ನೂ ಸ್ವಲ್ಪ ಬಿಡಿಸಿಕೊಂಡವನು. ಈ ಸಲ ಫೋನು ಇತ್ತಲಿಂದ ಹೋಯಿತು. ಹದಿಮೂರು ದಾಟಿದ ಮೊಮ್ಮಗ ತಾರಸಿಯಿಂದ ಹೇಳಿದ: "ಅಜ್ಜಿ, ನಮ್ಮಲ್ಲೆ ಬಂದ. ಇನ್ನೂ ಹಿಡದದ." ಕ್ರಿಯಾಪದ ಸರಿಯಾಗಿತ್ತು. ಊಟ ಆಯಿತೇ ಎಂದು ಅವನು ಕೇಳಿದ್ದಕ್ಕೆ, ಮಧ್ಯಾಹ್ನವೇ ಆಯಿತು ಎನ್ನುವ ಉತ್ತರ ಬಂತು.

2025ರ ಸೆಪ್ಟೆಂಬರ್ 7ರ ಪೂರ್ಣ ಗ್ರಹಣ ರಾತ್ರಿ 11ರಿಂದ 12:22ರ ತನಕ, ಎತ್ತರದ ಆಕಾಶದಲ್ಲಿ. ದೇಶಕ್ಕೆಲ್ಲ ಅದು ಒಂದೇ ಗ್ರಹಣ, ಧಾರವಾಡದ ಪಂಚಾಂಗ ದೆಹಲಿಯಲ್ಲೂ ನಡೆಯುತ್ತದೆ. 2026ರ ಮಾರ್ಚ್ 3ರದು ಮತ್ತೆ ಗ್ರಸ್ತೋದಯ, ಹೋಳಿ ಹುಣ್ಣಿಮೆಯದು. ಪೂರ್ಣ ಗ್ರಹಣ 5:33ಕ್ಕೆ ಮುಗಿದು 6:48ಕ್ಕೆ ಮೋಕ್ಷ. ದೆಹಲಿಯ ಪಾಲಿಗೆ ಚಂದ್ರೋದಯದ ನಂತರದ ಅರ್ಧ ಗಂಟೆಗೂ ಕಡಿಮೆ, ಧಾರವಾಡದ ಪಾಲಿಗೆ ಅದರ ಅರ್ಧ. ಇಂಥ ಗ್ರಹಣ ನೋಡಬೇಕೆಂದರೆ ಬೇಕಾದದ್ದು ಇಷ್ಟು: ಪೂರ್ವಕ್ಕೆ ತೆರೆದ ಒಂದು ತಾರಸಿ ಅಥವಾ ನದಿಯ ದಂಡೆ, ತನ್ನ ಊರಿನ ಚಂದ್ರೋದಯದ ವೇಳೆ, ಮತ್ತು ಏನೂ ಕಾಣದ ಮೊದಲ ಇಪ್ಪತ್ತು ನಿಮಿಷ ಕೆಳಗಿಳಿಯದೆ ನಿಲ್ಲುವ ತಾಳ್ಮೆ.